ಲಟಪಟ ಹಿಡಿಯ ಖುಕುರಿ: ಬಿಚ್ಚಿ ನೋಡಿದ್ದು, ಮತ್ತೆ ಕೂರಿಸಿದ್ದು

ಹಿಡಿ ಅಲ್ಲಾಡುವ ಖುಕುರಿಗೆ, ಅಂದರೆ ನೇಪಾಳದ ಬಾಗು ಕತ್ತಿಗೆ, ದುಡ್ಡು ಕೊಟ್ಟೆ ಅಂದರೆ ಜನ ನಗುತ್ತಾರೆ. ಹಿಡಿ ಗಟ್ಟಿಯಾಗಿರುವ, ಫಳಫಳ ಹೊಳೆಯುವ ಖುಕುರಿಗಳು ಕಾಠ್ಮಂಡುವಿನ ಥಮೇಲ್‌ನಲ್ಲಿ ಅಂಗಡಿ ಅಂಗಡಿಯ ಗೋಡೆ ತುಂಬ ನೇತಾಡುತ್ತವೆ. ಅವುಗಳಲ್ಲಿ ಬಹಳಷ್ಟು ಗೋಡೆಗೇ ಸರಿ. ನನಗೆ ಬೇಕಿದ್ದದ್ದು ಯಾರೋ ಸೌದೆ ಒಡೆದು, ಬಿದಿರು ಸೀಳಿ, ಮಾಂಸ ಕಡಿದು ಸವೆಸಿದ ಖುಕುರಿ. ಅದು ಅಸನ್ ಪೇಟೆಯ ಹಿಂದಿನ ಗಲ್ಲಿಯಲ್ಲಿ, ಹಳೇ ಹಿತ್ತಾಳೆ ಪಾತ್ರೆಗಳ ರಾಶಿಯಲ್ಲಿ ಸಿಕ್ಕಿತು. "ಹಿಡಿ ಸಡಿಲ ಇದೆ, ಅದಕ್ಕೇ ಈ ರೇಟು" ಅಂತ ಅಂಗಡಿಯವರು ಮೊದಲೇ ಹೇಳಿದರು. ದಪ್ಪ ಬಟ್ಟೆ ಸುತ್ತಿ, ಚೆಕ್-ಇನ್ ಲಗೇಜಿಗೆ ಹಾಕಿ ಸಾಗರದ ಮನೆಗೆ ತಂದೆ.

ಅಲಗು 11 ಇಂಚು. ಹಿಡಿ ಸೇರಿದರೆ 16ರ ಹತ್ತಿರ. ಬೆನ್ನು ಹಿಡಿಯ ಬಳಿ 9 ಮಿ.ಮೀ. ದಪ್ಪ ಇದ್ದು, ಮೊನೆಯ ಕಡೆಗೆ ಸಣ್ಣದಾಗುತ್ತಾ ಹೋಗುತ್ತದೆ. ಸಿರುಪಾತೆ ಅನ್ನುವ ಸಪೂರ ಮಾದರಿ ಇದು, ಪೂರ್ವ ನೇಪಾಳದ ಗುಡ್ಡಗಳ ಕಡೆಯದು. ಅದೇ ಕಡೆಯ ಭೋಜಪುರೆ ಮಾದರಿ ಇದಕ್ಕಿಂತ ಅಗಲ, ಭಾರವೂ ಜಾಸ್ತಿ. ಹಿಡಿ ಸಿಸೌ ಮರದ್ದು. ನಮ್ಮ ಬೀಟೆಯದೇ ಜಾತಿಯ ಮರ, ಬಣ್ಣ ಮಾತ್ರ ಸ್ವಲ್ಪ ಕಂದು. ಅಲಗಿಗೆ ಅಲ್ಲಲ್ಲಿ ತುಕ್ಕು, ಹಿಡಿಯ ಬುಡದ ಹಿತ್ತಾಳೆ ಕಟ್ಟಿಗೆ ಹಸಿರು ಕಿಲುಬು. ಒರೆಯ ಚರ್ಮ ಒಣಗಿ, ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಅಲಗಿನ ಬಾಯಿ ಅಂತೂ ಮೊಂಡು.

ಗೆಳೆಯರಿಗೆ ತೋರಿಸಿದಾಗ ಎಲ್ಲರದ್ದೂ ಒಂದೇ ಸಲಹೆ: "ಎಪಾಕ್ಸಿ ಅಂಟು ಹಾಕು, ಮುಗೀತು." ನಾನು ಹಾಕಲಿಲ್ಲ. ಖುಕುರಿಯನ್ನು ಕಟ್ಟುವುದೇ ಮುಂದೊಂದು ದಿನ ಬಿಚ್ಚಲಿಕ್ಕೆ. ಒಳಗಿನ ಅಂಟು ಬಿಸಿ ಮಾಡಿದರೆ ಕರಗುತ್ತದೆ. ಹಿಡಿ ಒಡೆದರೆ ಕಿತ್ತು ಬೇರೆ ಮರ ಹಾಕಬಹುದು. ಬೆನ್ನು ಮೆದು, ಹಾಗಾಗಿ ಬಗ್ಗಿದರೆ ತಟ್ಟಿ ನೇರ ಮಾಡಬಹುದು. ಒರೆ ಎಂದರೆ ಎರಡು ಹೋಳು ಮರ, ಮೇಲೊಂದು ಚರ್ಮ, ಒಂದು ಹೊಲಿಗೆ. ಇಷ್ಟೂ ಕಡೆ ರಿಪೇರಿಗೆ ದಾರಿ ಬಿಟ್ಟಿರುವ ವಸ್ತುವಿಗೆ ಎಪಾಕ್ಸಿ ಸುರಿದರೆ ಆ ದಾರಿ ಅಲ್ಲಿಗೇ ಮುಚ್ಚಿತು. ಮುಂದಿನವರು ಹಿಡಿಯನ್ನು ಒಡೆದೇ ತೆಗೆಯಬೇಕು.

ಇದರ ಹಿಂದೆ ಒಂದು ಊರಿನ ವ್ಯವಸ್ಥೆಯೂ ಇದೆ. ನೇಪಾಳದ ಗುಡ್ಡಗಳಲ್ಲಿ ಖುಕುರಿ ಮಾಡುವವರು ಕಾಮಿಗಳು, ಅಂದರೆ ಕಮ್ಮಾರರು. ಅವರ ಕುಲುಮೆಗೆ ಆರನ್ ಅನ್ನುತ್ತಾರೆ. ಒರೆಯ ಚರ್ಮದ ಕೆಲಸ ಸಾರ್ಕಿಗಳದ್ದು. ಕಾಮಿಗೆ ಕತ್ತಿಗಿಷ್ಟು ಅಂತ ದುಡ್ಡು ಕೊಡುವ ಬದಲು, ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಮನೆಗಿಷ್ಟು ಧಾನ್ಯ ಅಳೆಯುವ ಪದ್ಧತಿ ಇತ್ತು. ಅದಕ್ಕೆ ಬಾಲಿ ಘರೇ ಅಂತ ಹೆಸರು. ನಮ್ಮ ಹಳ್ಳಿಗಳ ಆಯಗಾರರಿಗೆ ಕಣದಲ್ಲಿ ಆಯ ಕೊಡುತ್ತಿದ್ದರಲ್ಲ, ಅದೇ ಲೆಕ್ಕ. ವರ್ಷದ ಧಾನ್ಯಕ್ಕೆ ವರ್ಷದ ರಿಪೇರಿ. ಹಾಗಾಗಿ ಸುಲಭವಾಗಿ ಬಿಚ್ಚಲು ಬರುವ ಕತ್ತಿ ಮಾಡುವುದು ಕಾಮಿಗೇ ಅನುಕೂಲ. ಇನ್ನೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಇಡೀ ದೇಶದ ಗುರುತಾದ ಕತ್ತಿಯನ್ನು ಮಾಡಿದ ಈ ಜನರನ್ನು 1854ರ ಮುಲುಕಿ ಐನ್ ಕಾನೂನು ಮುಟ್ಟಬಾರದವರ ಸಾಲಿಗೆ ಹಾಕಿತ್ತು. 1963ರ ಹೊಸ ಕಾನೂನು ಅದನ್ನು ತೆಗೆದುಹಾಕಿತು. ಕಾಗದದ ಮೇಲೆ ತೆಗೆದದ್ದು ಊರೊಳಗೆ ಎಷ್ಟು ಹೋಯಿತು ಅನ್ನುವುದನ್ನು ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಿಡಿ ಬಿಚ್ಚುವುದು

ಖುಕುರಿಯ ಹಿಡಿಯಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು, ಅಲಗಿನ ಬುಡದಿಂದ ಚಾಚಿದ ಕಬ್ಬಿಣದ ಬಾಲ ಹಿಡಿಯೊಳಗೆ ಅರ್ಧ-ಮುಕ್ಕಾಲು ಹೋಗಿ ಬರೀ ಅಂಟಿನ ಮೇಲೆ ನಿಲ್ಲುವುದು. ಎರಡು, ಬಾಲ ಹಿಡಿಯ ತುದಿಯವರೆಗೂ ಹಾದು, ಅಲ್ಲಿ ಒಂದು ಸಣ್ಣ ತಗಡಿನ ಮೇಲೆ ಸುತ್ತಿಗೆಯಿಂದ ತಟ್ಟಿ ಕೂರಿಸುವುದು. ಮೂರು, ಅಗಲ ಬಾಲದ ಎರಡೂ ಕಡೆ ಮರದ ಪಟ್ಟಿ ಇಟ್ಟು ರಿವೆಟ್ ಹೊಡೆಯುವುದು. ನನ್ನದು ಮೊದಲನೆಯದು, ಹಳ್ಳಿ ಕಡೆಯ ಹಳೇ ಕ್ರಮ. ಬಿಚ್ಚಲು ಇದೇ ಸುಲಭ.

ಅಂಟಿನ ಹೆಸರು ಲಾಹಾ. ನಮ್ಮ ಅರಗಿನ ಸಂಬಂಧಿ. ಅರಗು 70-80 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಉಕ್ಕಿನ ಹದ ಕೆಡಬೇಕಾದರೆ ಬಿಸಿ 150-200 ಡಿಗ್ರಿ ದಾಟಬೇಕು. ಇವೆರಡರ ನಡುವೆ ಕುದಿಯುವ ನೀರು ಆರಾಮಾಗಿ ಕೂರುತ್ತದೆ. ನೀರಿನಿಂದ ಹದ ಹಾಳಾಗುವುದಿಲ್ಲ. ಆದರೆ ಮರ ನೇರವಾಗಿ ನೀರು ಕುಡಿದರೆ ಉಬ್ಬುತ್ತದೆ, ಸೀಳುತ್ತದೆ. ಹಿಡಿ ಎಮ್ಮೆ ಕೊಂಬಿನದಾಗಿದ್ದರೆ ಬಿಸಿಗೆ ಸೊಟ್ಟಗಾಗುವ ಭಯ ಬೇರೆ. ಅದಕ್ಕೆ ಹಿಡಿಯನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಗಾಳಿ ಹಿಂಡಿ, ಬಾಯಿ ಬಿಗಿದು ಕಟ್ಟಿ ಬಿಸಿ ನೀರಿನಲ್ಲಿ ಇಟ್ಟೆ. ಅಲಗಿಗೆ ಗೋಣಿ ತುಂಡು ಸುತ್ತಿದ್ದೆ. ಮೊಂಡು ಬಾಯಿ ಕೂಡ ಜಾರಿದರೆ ಕೈ ಕೊಯ್ಯುತ್ತದೆ.

ಹೊತ್ತು ಕಳೆದಂತೆ ಹಿತ್ತಾಳೆ ಕಟ್ಟಿನ ಸಂದಿಯಿಂದ ಕಪ್ಪು ದ್ರವ ಒಸರಿತು, ಜೊತೆಗೆ ಧೂಪದ ವಾಸನೆ. ಅಲಗನ್ನು ವೈಸ್‌ಗೆ ಎರಡು ಮರದ ತುಂಡಿನ ನಡುವೆ ಕಚ್ಚಿಸಿ, ಹಿಡಿಯನ್ನು ತಿರುಚದೆ ನೇರವಾಗಿ ಎಳೆದೆ. ತಿರುಚಿದರೆ ಸೀಳುವುದು ಗ್ಯಾರಂಟಿ, ಯಾಕೆಂದರೆ ಬಾಲ ಚೌಕವಾಗಿರುತ್ತದೆ. ಎಳೆದ ಕೂಡಲೇ ಬಂತು.

ಒಳಗೆ ಕಂಡದ್ದು ನನಗೆ ಇಡೀ ಕೆಲಸದಲ್ಲಿ ಹೆಚ್ಚು ಇಷ್ಟವಾದ ಭಾಗ. ಬಾಲದ ನಾಲ್ಕೂ ಅಂಚಿಗೆ ಉಳಿಯಿಂದ ಸಣ್ಣ ಸಣ್ಣ ಮುಳ್ಳು ಎಬ್ಬಿಸಿದ್ದರು, ಅಂಟು ಕಚ್ಚಿಕೊಳ್ಳಲಿ ಅಂತ. ರಂಧ್ರ ಕೊರೆದದ್ದಲ್ಲ, ಕಾದ ಕಬ್ಬಿಣದಿಂದ ಸುಟ್ಟು ಮಾಡಿದ್ದು. ಒಳಗೋಡೆ ಇದ್ದಿಲಾಗಿತ್ತು. ಒಂದು ಪಕ್ಕಕ್ಕೆ ಬಿದಿರಿನ ಸಿಬಿರು ತುರುಕಿದ್ದರು. ಅಂದರೆ ಯಾರೋ ನನಗಿಂತ ಮೊದಲೇ ಇದನ್ನು ಒಮ್ಮೆ ಬಿಚ್ಚಿ ಕೂರಿಸಿದ್ದಾರೆ. ಹಳೇ ಲಾಹಾ ಪುಡಿಪುಡಿಯಾಗಿ ಉದುರಿತು.

ಲಾಹಾ ಬದಲಿಗೆ ಮನೆಯ ಅರಗು

ಬೇಕಾದ ಸಾಮಾನು ಎಲ್ಲವೂ ಗ್ರಂಧಿಗೆ ಅಂಗಡಿಯಲ್ಲೇ ಸಿಕ್ಕಿತು. ಅರಗು ಎರಡು ಪಾಲು, ರಾಳ ಒಂದು ಪಾಲು, ಬಟ್ಟೆಯಲ್ಲಿ ಸೋಸಿದ ಇಟ್ಟಿಗೆ ಪುಡಿ ಒಂದು ಪಾಲು, ಚೂರು ಜೇನುಮೇಣ. ಇದು ನೇಪಾಳದ ಗುಟ್ಟಿನ ಪಾಕವಿಧಾನ ಏನಲ್ಲ. ಅರಗು, ರಾಳ, ಇಟ್ಟಿಗೆ ಪುಡಿಯ ಮಿಶ್ರಣ ನಮ್ಮ ಅಕ್ಕಸಾಲಿಗರಿಗೂ ಕಮ್ಮಾರರಿಗೂ ಗೊತ್ತಿರುವ ಹಳೇ ಸಂಗತಿ. ಚನ್ನಪಟ್ಟಣದ ಆಟಿಕೆಗಳ ಮೇಲೆ ಹೊಳೆಯುವುದೂ ಬಣ್ಣ ಬೆರೆಸಿದ ಅರಗೇ.

ಅರಗೊಂದನ್ನೇ ಹಾಕಿದರೆ ಗಾಜಿನಂತೆ ಸಿಡಿಯುತ್ತದೆ. ಇಟ್ಟಿಗೆ ಪುಡಿ ಅದಕ್ಕೆ ಮೈ ಕೊಡುತ್ತದೆ, ಆರುವಾಗ ಕುಗ್ಗುವುದೂ ಕಡಿಮೆ. ಮೇಣ ಹಾಕುವುದು ಸ್ವಲ್ಪ ಬಳುಕಲಿ ಅಂತ. ಮೇಣ ಜಾಸ್ತಿಯಾದರೆ ಬೇಸಿಗೆಯಲ್ಲಿ ಹಿಡಿ ಮತ್ತೆ ಅಲ್ಲಾಡುತ್ತದೆ. ಸಣ್ಣ ಉರಿ, ದಪ್ಪ ತಳದ ಪಾತ್ರೆ, ಪಕ್ಕದಲ್ಲಿ ಮುಚ್ಚಲು ಒಂದು ತಟ್ಟೆ ಇರಲಿ. ರಾಳಕ್ಕೆ ಬೆಂಕಿ ಬೇಗ ಹತ್ತುತ್ತದೆ. ಅರಗನ್ನು ತುಂಬ ಹೊತ್ತು ಕಾಯಿಸಿದರೆ ಅದು ರಬ್ಬರಿನ ಹಾಗೆ ಗಂಟಾಗಿ, ಆಮೇಲೆ ಎಷ್ಟು ಬಿಸಿ ಕೊಟ್ಟರೂ ಕರಗುವುದಿಲ್ಲ. ಕರಗಿತು ಅಂದ ತಕ್ಷಣ ಪುಡಿ ಬೆರೆಸಿ ಇಳಿಸಬೇಕು. ಹದ ನೋಡಲು ಒಂದು ಕಡ್ಡಿಗೆ ಹಚ್ಚಿ ತಣ್ಣಗಾದ ಮೇಲೆ ಉಗುರಿನಿಂದ ಒತ್ತಿದೆ. ಗೀರು ಬೀಳಲಿಲ್ಲ. ಬಗ್ಗಿಸಿದಾಗ ಕಡ್ಡಿ ಮುರಿಯಿತು, ಅರಗು ಕಡ್ಡಿಗೇ ಅಂಟಿಕೊಂಡು ಉಳಿಯಿತು. ಸಾಕು.

ಕೂರಿಸುವಾಗ ಅವಸರವೇ ಕೆಲಸ. ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಬಾಲಕ್ಕೆ ಮಾತ್ರ ಹಾಟ್ ಏರ್ ಗನ್‌ನಿಂದ ಬಿಸಿ ಕೊಟ್ಟೆ. ರಂಧ್ರಕ್ಕೆ ಅರಗು ಮುಕ್ಕಾಲು ಸುರಿದು, ಬಾಲಕ್ಕೂ ಸವರಿ, ಹಳೇ ಬಿದಿರಿನ ಸಿಬಿರನ್ನೇ ಮತ್ತೆ ಇಟ್ಟು ಒತ್ತಿದೆ. ಹೆಚ್ಚಾದದ್ದು ಕಟ್ಟಿನ ಸುತ್ತ ಉಕ್ಕಿ ಬಂತು. ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ಹಿಡಿ ಎಡಕ್ಕೆ ಒಂಚೂರು ವಾಲಿತ್ತು. ಮತ್ತೆ ಬಿಸಿ ಕೊಟ್ಟು, ಸರಿ ಮಾಡಿ, ತಣಿಯಲು ಬಿಟ್ಟೆ. ಎಪಾಕ್ಸಿಯಾಗಿದ್ದರೆ ಈ ಎರಡನೇ ಅವಕಾಶ ಇರುತ್ತಿತ್ತಾ? ಉಕ್ಕಿದ್ದನ್ನು ಬಿದಿರಿನ ಚೂರಿನಿಂದ ಕೆರೆದು ತೆಗೆದೆ. ಮರದ ಒಂದು ಕೂದಲೆಳೆ ಬಿರುಕಿಗೂ ಅದೇ ಅರಗು. ಮೇಲೆ ಅಗಸೆ ಎಣ್ಣೆ ತೆಳ್ಳಗೆ ಸವರಿ ಒರೆಸಿದೆ. ವಾರ್ನಿಷ್ ಬೇಡ, ಕೈ ಬೆವರಿಗೆ ಜಾರುತ್ತದೆ.

ಹಿಡಿಯ ನಡುವೆ ಒಂದು ಉಬ್ಬು ಬಳೆ ಇದೆ, ಬಹಳಷ್ಟು ಸಾಂಪ್ರದಾಯಿಕ ಖುಕುರಿಗಳಿಗೆ ಇರುವಂಥದ್ದು. ದೊಡ್ಡ ಕೈಯವರು ಇದನ್ನು ಬೈಯುತ್ತಾರೆ, ಕೆಲವರು ಅರದಿಂದ ಉಜ್ಜಿ ತೆಗೆಯುವುದೂ ಉಂಟು. ನನಗೆ ಅದು ಬೆರಳುಗಳ ನಡುವೆ ಕೂತು ಹಿಡಿ ಮುಂದೆ ಜಾರದಂತೆ ತಡೆಯಿತು. ಉಜ್ಜುವ ಮೊದಲು ಒಂದಿಷ್ಟು ದಿನ ಬಳಸಿ ನೋಡಿ.

ಅಲಗು

ತುಕ್ಕಿಗೆ ಸೀಮೆಎಣ್ಣೆ ಮತ್ತು ಅತಿ ನಯದ ಸ್ಟೀಲ್ ವುಲ್, ಅಷ್ಟೇ. ವಿನೆಗರ್‌ನಲ್ಲಿ ಮುಳುಗಿಸುವ ವಿಡಿಯೋಗಳು ಬಹಳ ಓಡಾಡುತ್ತವೆ. ಅದು ತುಕ್ಕಿನ ಜೊತೆ ವರ್ಷಗಳಿಂದ ಕೂತ ಬೂದು ಬಣ್ಣವನ್ನೂ ತಿಂದುಹಾಕುತ್ತದೆ. ಕೆಂಪು ತುಕ್ಕು ಹೋಗಲಿ, ಕಪ್ಪು ಕಲೆ ಇರಲಿ ಅನ್ನುವುದು ನನ್ನ ನಿಯಮ. ಕಪ್ಪು ಕಲೆ ಅಲಗನ್ನು ತಿನ್ನುವುದಿಲ್ಲ.

ಉಜ್ಜುತ್ತಾ ಹೋದಂತೆ ಮಾಡಿದವರ ಕೈ ಕಾಣತೊಡಗಿತು. ಎಡ ಮೈಯ ಗೀರುಗಾಲುವೆ (ಅಲಗಿನ ಉದ್ದಕ್ಕೆ ತೆಗೆದ ತೋಡು) ಬಲಕ್ಕಿಂತ ತುಸು ಉದ್ದ. ಬೆನ್ನಿನ ಮೇಲೆ ಸುತ್ತಿಗೆ ಏಟು ಪೂರ್ತಿ ಅಳಿಸದೆ ಉಳಿದ ತಗ್ಗು. ಇದನ್ನೆಲ್ಲ ಸಪಾಟು ಮಾಡಿ 'ಹೊಸದು' ಮಾಡಿದರೆ ಆಮೇಲೆ ಉಳಿಯುವುದು ಏನು? ಹಾಗೇ ಬಿಟ್ಟೆ.

ಖುಕುರಿಗೆ ಸಾಮಾನ್ಯವಾಗಿ ಬಳಸುವುದು ಲಾರಿಯ ಕಮಾನು ಪಟ್ಟಿ, ನಮ್ಮ ಕಡೆ ಮಚ್ಚಿಗೆ ಬಳಸುವ ಅದೇ ಉಕ್ಕು. ವಿಶೇಷ ಇರುವುದು ನೀರು ಕೊಡುವುದರಲ್ಲಿ. ಅಲಗನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಪೂರ್ತಿ ಅದ್ದುವುದಿಲ್ಲ. ಕೆಟಲ್‌ನ ಕೊಕ್ಕಿನಿಂದ ಸಣ್ಣ ಧಾರೆಯಾಗಿ ಬಾಯಿಯ ಉದ್ದಕ್ಕೂ, ಅದರಲ್ಲೂ ಹೊಟ್ಟೆಯ (ಬಾಯಿ ಉಬ್ಬಿ ಅಗಲವಾಗುವ) ಭಾಗಕ್ಕೆ ಜಾಸ್ತಿ, ನೀರು ಹರಿಸುತ್ತಾರೆ. ಬಾಯಿ ಥಟ್ಟನೆ ತಣಿದು ಗಡುಸಾಗುತ್ತದೆ. ಬೆನ್ನು ನಿಧಾನ ತಣಿದು ಮೆತ್ತಗೆ ಉಳಿಯುತ್ತದೆ. ಬೆನ್ನಿನಲ್ಲಿ ಉಳಿದ ಬಿಸಿ ಬಾಯಿಗೆ ಹರಿದು, ಅತಿ ಗಡುಸನ್ನು ಸ್ವಲ್ಪ ಇಳಿಸುತ್ತದೆ. ಥರ್ಮಾಮೀಟರ್ ಇಲ್ಲ, ಉಕ್ಕಿನ ಬಣ್ಣ ನೋಡುವ ಕಣ್ಣೇ ಎಲ್ಲ.

ಇದನ್ನು ನಾವೇ ಪರೀಕ್ಷೆ ಮಾಡಿ ನೋಡಬಹುದು. ಸಣ್ಣ ಅರ ತಗೊಂಡು ಬೆನ್ನಿನ ಮೇಲೆ ಮೆಲ್ಲಗೆ ಎಳೆಯಿರಿ, ಕಚ್ಚುತ್ತದೆ. ಹೊಟ್ಟೆಯ ಬಾಯಿಯ ಮೇಲೆ ಎಳೆದರೆ ಕಿರ್ರೆಂದು ಜಾರುತ್ತದೆ. ಹಿಡಿಯ ಹತ್ತಿರದ ಬಾಯಲ್ಲಿ ಮತ್ತೆ ಕಚ್ಚುತ್ತದೆ. ಇನ್ನೂ ಚೆಂದದ್ದು ಬೇಕಾದರೆ, ಅಲಗಿನ ಒಂದು ಅಂಗೈ ಅಗಲ ಜಾಗವನ್ನು 1500ರ ಮರಳು ಕಾಗದದಿಂದ ನಯ ಮಾಡಿ, ಎಣ್ಣೆ ಜಿಡ್ಡು ತೆಗೆದು, ನಿಂಬೆ ಹೋಳು ಸವರಿ. ಗಡುಸು ಭಾಗ ಒಂದು ಬಣ್ಣಕ್ಕೆ, ಮೆತ್ತನೆ ಭಾಗ ಇನ್ನೊಂದು ಬಣ್ಣಕ್ಕೆ ತಿರುಗುತ್ತದೆ. ನನ್ನದರಲ್ಲಿ ಹೊಟ್ಟೆಯ ಮೇಲೆ ಅಂಕುಡೊಂಕಾದ ಗೆರೆಯೊಂದು ಎದ್ದಿತು. ಆ ದಿನ ಆ ಕಾಮಿ ನೀರು ಹರಿಸಿದ ದಾರಿ ಅದು. ನೋಡಿದ ಕೂಡಲೇ ಸೋಪು ನೀರಲ್ಲಿ ತೊಳೆದು ಒಣಗಿಸಬೇಕು, ಇಲ್ಲದಿದ್ದರೆ ಹುಳಿ ತಿನ್ನುತ್ತಾ ಹೋಗುತ್ತದೆ.

ಬುಡದಲ್ಲಿರುವ ಪುಟ್ಟ ಕಚ್ಚಿಗೆ ಚೋ ಅನ್ನುತ್ತಾರೆ. ರಕ್ತ ಹಿಡಿಗೆ ಹರಿಯದಂತೆ ತಡೆಯಲು ಅನ್ನುವವರಿದ್ದಾರೆ, ಗೋವಿನ ಗೊರಸು ಅನ್ನುವವರಿದ್ದಾರೆ, ಶಿವನ ತ್ರಿಶೂಲ ಅನ್ನುವವರೂ ಇದ್ದಾರೆ. ರಿಪೇರಿ ಮಾಡುವವನಿಗೆ ಅದು ಮೂಲೆಯಲ್ಲಿ ತುಕ್ಕು ಕೂರುವ ಜಾಗ, ಮತ್ತು ಸಾಣೆ ಇಲ್ಲಿಗೆ ನಿಲ್ಲಲಿ ಅನ್ನುವ ಗಡಿ. ದಾರಕ್ಕೆ ಎಣ್ಣೆ ಹಚ್ಚಿ ಸಂದಿಯಲ್ಲಿ ಹಿಂದೆ ಮುಂದೆ ಎಳೆದೆ. ಹಾಗೇ, ಒರೆಯಿಂದ ತೆಗೆದರೆ ರಕ್ತ ಕುಡಿಯದೆ ಒಳಗೆ ಹೋಗಬಾರದು ಅನ್ನುವ ಕಥೆ ಸುಮ್ನೆ. 1814-16ರ ಯುದ್ಧದಲ್ಲಿ ಇದನ್ನು ಎದುರಿಸಿದ ಬ್ರಿಟಿಷರು ಗೂರ್ಖಾ ಪಡೆ ಕಟ್ಟಿದರು, ಆಮೇಲೆ ಸೈನ್ಯದ ಕಥೆಗಳು ಬೆಳೆದವು. ಗುಡ್ಡದ ಮನೆಗಳಲ್ಲಿ ದಿನವೂ ತರಕಾರಿ, ಸೌದೆ, ಮೇವು ಕಡಿಯುವ ಕತ್ತಿ ಪ್ರತಿ ಸಲ ರಕ್ತ ಕೇಳಿದರೆ ಸಂಸಾರ ನಡೆಯುತ್ತಾ!

ಈಗ ಬಾಯಿ. ಗ್ರೈಂಡರ್ ಬೇಡವೇ ಬೇಡ. ತೆಳು ಬಾಯಿ ಕ್ಷಣದಲ್ಲಿ ನೀಲಿಯಾಗುತ್ತದೆ, ನೀಲಿಯಾದರೆ ಹದ ಹೋಯಿತು. ಬೀದಿಯ ಸಾಣೆಯವರಿಗೂ ನಾನು ಕೊಡುವುದಿಲ್ಲ, ಅವರ ಚಕ್ರ ಅಡುಗೆಮನೆಯ ಚಾಕುವಿಗೆ ಸರಿ. ಖುಕುರಿಯ ಬಾಯಿ ಚಪ್ಪಟೆ ಇಳಿಜಾರಲ್ಲ, ಅಕ್ಕಿಕಾಳಿನ ಬೆನ್ನಿನ ಹಾಗೆ ಉಬ್ಬಿ ಬಂದು ಸೇರುತ್ತದೆ. ಆ ಉಬ್ಬಿನಿಂದಲೇ ಅಲಗು ಮರದಲ್ಲಿ ಸಿಕ್ಕಿಕೊಳ್ಳದೆ ಚಕ್ಕೆಯನ್ನು ಪಕ್ಕಕ್ಕೆ ತಳ್ಳುತ್ತದೆ. ಬಾಗು ಬೇರೆ ಒಳಮುಖ, ಅಗಲ ಸಾಣೆಕಲ್ಲು ಅಲ್ಲಿ ಮುಟ್ಟುವುದೇ ಇಲ್ಲ.

ಹಳೇ ಹವಾಯಿ ಚಪ್ಪಲಿಯ ರಬ್ಬರಿನ ಮೇಲೆ ನೀರು ಕಾಗದ (ವಾಟರ್ ಪೇಪರ್ ಅನ್ನುವ ಮರಳು ಕಾಗದ) ಅಂಟಿಸಿ, 400ರಿಂದ ಶುರು ಮಾಡಿ 800, 1500. ಬಾಯಿಯ ಅಂಚಿಗೆ ಮಾರ್ಕರ್ ಇಂಕು ಬಳಿದರೆ ಎಲ್ಲಿ ಉಜ್ಜುತ್ತಿದೆ ಅಂತ ಗೊತ್ತಾಗುತ್ತದೆ. ಯಾವಾಗಲೂ ಬೆನ್ನಿನಿಂದ ಬಾಯಿಯ ಕಡೆಗೆ ಉಜ್ಜುವುದು, ಬಾಯಿಗೆ ಎದುರಾಗಿ ಉಜ್ಜಿದರೆ ಕಾಗದ ಕೊಯ್ದುಹೋಗುತ್ತದೆ. ರಬ್ಬರ್ ಕುಗ್ಗುವುದರಿಂದ ಉಬ್ಬು ತಾನಾಗಿ ಉಳಿಯುತ್ತದೆ. ಒಳಬಾಗಿಗೆ ಅದೇ ಕಾಗದವನ್ನು ಪಿವಿಸಿ ಪೈಪಿನ ತುಂಡಿಗೆ ಸುತ್ತಿಕೊಂಡೆ. ಹೊಟ್ಟೆಯಲ್ಲಿದ್ದ ಎರಡು ಗಾಯಗಳಲ್ಲಿ ಸಣ್ಣದು ಹೋಯಿತು. ದೊಡ್ಡದನ್ನು ಪೂರ್ತಿ ತೆಗೆಯಬೇಕಾದರೆ ಗಡುಸು ಉಕ್ಕನ್ನೇ ಬಹಳ ಸವೆಸಬೇಕು. ಆ ಉಕ್ಕು ಇರುವುದೇ ಸ್ವಲ್ಪ. ಸಾಣೆ ಸಾಣೆಗೆ ಅದು ತಾನೇ ಕಡಿಮೆಯಾಗಲಿ. ಕೊನೆಗೆ ಹಳೇ ಬೆಲ್ಟಿನ ಒಳಮೈಗೆ ಉಜ್ಜಿದೆ.

ಒರೆಯ ಹಿಂದೆ ಎರಡು ಪುಟ್ಟ ಸಾಧನ ಇರಬೇಕು: ಕರ್ದಾ ಅನ್ನುವ ಚಿಕ್ಕ ಚಾಕು, ಚಕ್‌ಮಕ್ ಅನ್ನುವ ಬಾಯಿಯಿಲ್ಲದ ಉಕ್ಕಿನ ತುಂಡು. ಚಕ್‌ಮಕ್ ಹಿಂದೆ ಬೆಣಚುಕಲ್ಲಿಗೆ ಹೊಡೆದು ಕಿಡಿ ಎಬ್ಬಿಸಲು. ಈಗ ಅದರ ನಿಜವಾದ ಉಪಯೋಗ ಬಾಯಿ ಮಡಚಿದಾಗ. ಖುಕುರಿಯ ಬಾಯಿ ಗಂಟಿಗೆ ತಾಗಿದರೆ ಮುರಿಯುವುದಕ್ಕಿಂತ ಹೆಚ್ಚಾಗಿ ಮಡಚಿಕೊಳ್ಳುತ್ತದೆ. ಚಕ್‌ಮಕ್‌ನಿಂದ ಒತ್ತಿ ಎಳೆದರೆ ನೆಟ್ಟಗಾಗುತ್ತದೆ. ಕಾಡಿನಲ್ಲಿ ಸಾಣೆಕಲ್ಲು ಬೇಕಿಲ್ಲ.

ಹಿತ್ತಾಳೆಗೆ ಹುಣಸೆಹಣ್ಣು, ಮನೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಒರೆಯ ಹೋಳುಗಳನ್ನು ಸರೇಸಿನಿಂದ ಮತ್ತೆ ಕೂಡಿಸಿದೆ. ಅದೂ ಬಿಸಿಗೆ ಬಿಡುವ ಅಂಟೇ. ಬಿಟ್ಟ ಹೊಲಿಗೆಯನ್ನು ಮೇಣ ಹಚ್ಚಿದ ದಾರದಿಂದ ಹಳೇ ತೂತುಗಳಲ್ಲೇ ಹೊಲಿದೆ. ಚರ್ಮಕ್ಕೆ ಜೇನುಮೇಣ ಸಾಕು, ಎಣ್ಣೆ ಜಾಸ್ತಿ ಕುಡಿಸಿದರೆ ಸಡಿಲವಾಗುತ್ತದೆ. ಒರೆಯಿಂದ ತೆಗೆಯುವಾಗ ಒಂದು ಎಚ್ಚರ: ಒರೆಯನ್ನು ಬೆನ್ನಿನ ಕಡೆಯಿಂದ ಮಾತ್ರ ಹಿಡಿಯಬೇಕು, ಬಾಯಿಯ ಕಡೆ ಬೆರಳು ಸುತ್ತಬಾರದು. ಬಾಗಿದ ಅಲಗು ಹೊರಬರುವಾಗ ಹೋಳುಗಳ ಸಂದಿಯನ್ನು ಸೀಳಿ ಬೆರಳಿಗೆ ಬರಬಹುದು.

ಪರೀಕ್ಷೆಗೆ ಹಿತ್ತಲಿನ ಹಸಿ ಬಿದಿರು ಆರಿಸಿದೆ. ತೂಕ ಮುಂದೆ ಇರುವುದರಿಂದ ಮಣಿಕಟ್ಟಿಗೆ ಕೆಲಸ ಕಡಿಮೆ, ಅಲಗೇ ಬೀಳುತ್ತದೆ. ಕೊಡವರ ಒಡಿಕತ್ತಿಯೂ ಮುಂದಕ್ಕೆ ಬಾಗಿ, ಮುಂದೆ ತೂಕ ಇಟ್ಟುಕೊಂಡದ್ದೇ, ಆದರೆ ಅದು ಇನ್ನೂ ಅಗಲ. ಹಿಡಿ ಒಂದಿಷ್ಟೂ ಅಲ್ಲಾಡಲಿಲ್ಲ. ಬಾಯಿ ಒಂದು ಗಂಟಿನಲ್ಲಿ ಚೂರು ಮಡಚಿತು, ಚಕ್‌ಮಕ್ ಎಳೆದೆ, ಸರಿಹೋಯಿತು.

ಇಟ್ಟುಕೊಳ್ಳುವವರಿಗೆ ಎರಡು ಮಾತು. ನಮ್ಮ ಆಯುಧ ನಿಯಮಗಳಲ್ಲಿ ಖುಕುರಿಯ ಹೆಸರೇ ಇದೆ: ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದು, ಮನೆ-ಕೃಷಿ ಬಳಕೆಗೆ ಮಾಡಿದ್ದಲ್ಲದಿದ್ದರೆ ಅದು ಆಯುಧದ ಸಾಲಿಗೆ ಸೇರುತ್ತದೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಜಾಗಗಳಲ್ಲಿ ಲೈಸೆನ್ಸ್ ಬೇಕಾಗುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಂಡು ಪೇಟೆಗೆ ಹೋಗುವ ಹುಮ್ಮಸ್ಸು ಬೇಡ. ಇನ್ನೊಂದು, ಮಲೆನಾಡಿನ ಮಳೆಗಾಲದಲ್ಲಿ ಒರೆಯೊಳಗೆ ಇಡಬೇಡಿ. ಚರ್ಮ ತೇವ ಹೀರಿ ಅಲಗಿಗೆ ತುಕ್ಕು, ಹಿತ್ತಾಳೆಗೆ ಕಿಲುಬು ಎರಡೂ ತರುತ್ತದೆ. ತೆಳ್ಳಗೆ ಎಣ್ಣೆ ಸವರಿ, ಹತ್ತಿ ಬಟ್ಟೆ ಸುತ್ತಿ, ಒರೆಯನ್ನು ಬೇರೆ ಇಡಿ.

ಬಾಕಿ ಇರುವುದು ಕರ್ದಾ. ಒರೆಯಲ್ಲಿ ಅದರ ಜಾಗ ಖಾಲಿ ಇದೆ, ಚಕ್‌ಮಕ್ ಒಂದೇ ಉಳಿದು ಬಂದಿತ್ತು. ಪಕ್ಕದೂರಿನ ಕಮ್ಮಾರರ ಹತ್ತಿರ ಕಮಾನು ಪಟ್ಟಿಯ ಚೂರು ಇದೆಯಂತೆ. ಅಳತೆಗೆ ರಟ್ಟಿನ ಮಾದರಿ ಕತ್ತರಿಸಿ ಕೊಟ್ಟಿದ್ದೇನೆ. ಆಯುಧಪೂಜೆಯ ಕೆಲಸ ಮುಗಿಯಲಿ, ಆಮೇಲೆ ಕುಲುಮೆಗೆ ಬಾ ಅಂದಿದ್ದಾರೆ.